ತಲೆ ಮೇಲಿನ ಆರತಿ

ಮಾರಮ್ಮನ ಹಬ್ಬಕ್ಕೆ ಇನ್ನೂ ಒಂದು ವಾರ ಇತ್ತು. ಜಕ್ಕೂರಿನ ಹಳೇ ಊರಿನ ತನ್ನ ಮನೆಯಲ್ಲಿ ಮುನಿಕೆಂಪಮ್ಮ ಬೆಳಗ್ಗೆ ಎಚ್ಚರವಾಗಿ, ಹಾಸಿಗೆಯಲ್ಲೇ ಎಡಕ್ಕೆ ಹೊರಳಿದಳು. ಹೊರಳಿದ್ದಷ್ಟೇ. ಕರೆಂಟ್ ಹೋಗಿ ಫ್ಯಾನು ನಿಂತಿತ್ತು, ಆದರೆ ಫ್ಯಾನು ನೇತುಹಾಕಿದ್ದ ತಾರಸಿ ಗರಗರ ತಿರುಗೋಕೆ ಶುರುವಾಯಿತು. ಮಂಚದ ಕಟ್ಟು ಹಿಡಿದುಕೊಂಡಳು. ಮಂಚವೂ ತಿರುಗಿತು. ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂದು ಕೂತ ಹಾಗಾಯಿತು. ಕಣ್ಣು ಮುಚ್ಚಿ ಅಲುಗಾಡದೆ ಮಲಗಿದ ಮೇಲೆ, ಯಾರೋ ಬುಗುರಿಗೆ ಕೈ ಅಡ್ಡ ಇಟ್ಟ ಹಾಗೆ, ಎಲ್ಲ ಸರಕ್ಕನೆ ನಿಂತುಬಿಟ್ಟಿತು.

"ರೀ, ತಲೆ ತಿರುಗ್ತು," ಅಂದಳು.

"ಗ್ಯಾಸು," ಅಂದ ಗಂಡ ವೆಂಕಟಸ್ವಾಮಿ, ಕಣ್ಣು ಬಿಡದೆಯೇ. ವೆಂಕಟಸ್ವಾಮಿಗೆ ಲೋಕದಲ್ಲಿ ಇರೋ ಕಾಯಿಲೆ ಒಂದೇ. ಮೊಣಕಾಲು ನೋವಿಗೂ ಗ್ಯಾಸು ಅನ್ನೋ ಮನುಷ್ಯ.

ಮುನಿಕೆಂಪಮ್ಮ ಆಮೇಲೆ ಬಾಯಿ ಬಿಡಲಿಲ್ಲ. ಅದಕ್ಕೆ ಕಾರಣ ಇತ್ತು.

ಹಬ್ಬದ ದಿನ ಊರಿನ ಹೆಂಗಸರೆಲ್ಲ ತಂಬಿಟ್ಟಿನ ಆರತಿ ಹೊತ್ತು ಮಾರಮ್ಮನ ಗುಡಿಗೆ ಹೋಗ್ತಾರೆ. ಅಕ್ಕಿಹಿಟ್ಟು, ಬೆಲ್ಲ ಕಲಸಿ ಮಾಡಿದ ತಂಬಿಟ್ಟನ್ನೇ ದೀಪದ ಹಾಗೆ ತಿದ್ದಿ, ತುಪ್ಪದ ಬತ್ತಿ ಹಚ್ಚಿ, ಹಿತ್ತಾಳೆ ತಟ್ಟೆಯಲ್ಲಿಟ್ಟು ಸುತ್ತ ಹೂವು ಕಟ್ಟಿ, ತಲೆ ಮೇಲೆ ಇಟ್ಟುಕೊಂಡು ಸಾಲಾಗಿ ನಡೆಯೋದು. ಸಾಲಿನಲ್ಲಿ ಮೊದಲ ಆರತಿ ಇವರ ಮನೆಯದು. ಆ ಮೊದಲ ಆರತಿ ಮದುವೆಯಾಗಿ ಬಂದ ವರ್ಷದಿಂದ ಮುನಿಕೆಂಪಮ್ಮನ ತಲೆ ಮೇಲೇ ಇದೆ. ಅವತ್ತು ಊರ ಸುತ್ತ ರಾಗಿ ಹೊಲ ಇತ್ತು, ಇವತ್ತು ಅಪಾರ್ಟ್‌ಮೆಂಟು ಎದ್ದಿದೆ. ಆರತಿ ಮಾತ್ರ ತಲೆ ಬದಲಾಯಿಸಿಲ್ಲ. ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಹಿಡಿಯುವಾಗ ಎಲ್ಲರಿಗಿಂತ ಮುಂದೆ, ಕೈ ಬಿಟ್ಟು ನೆಟ್ಟಗೆ ನಡೆಯೋ ಹೆಂಗಸು ಇವಳೇ. ಈ ಊರಲ್ಲಿ ತನಗೆ ಅಂತ ಒಂದು ಜಾಗ ಇದ್ದರೆ ಅದು ಆ ಸಾಲಿನ ಮುಂದಿನ ತುದಿಯಲ್ಲಿ ಅಂತ ಅವಳು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೇಳಿಕೊಳ್ಳೋ ಮಾತೂ ಅಲ್ಲ ಅದು. ತಲೆ ತಿರುಗುತ್ತೆ ಅಂತ ಬಾಯಿ ಬಿಟ್ಟರೆ ಆ ಜಾಗ ಹೋಯಿತು.

ಹಬ್ಬ ಸಾರಿದ ದಿನದಿಂದ ಆರತಿ ಹೊರುವವಳು ಒಪ್ಪತ್ತು ಇರಬೇಕು. ಮಧ್ಯಾಹ್ನ ಒಂದು ಊಟ, ಅಷ್ಟೇ. ಮುನಿಕೆಂಪಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಯೋದನ್ನೂ ಕಡಿಮೆ ಮಾಡಿಬಿಡೋಳು. ಅದು ಯಾರೂ ಹೇಳಿದ್ದಲ್ಲ, ಅವಳೇ ಸೇರಿಸಿಕೊಂಡಿದ್ದು.

ಮಾರನೇ ದಿನ ತಂಬಿಟ್ಟಿನ ಅಕ್ಕಿ ತೊಳೆದು ಮಾಳಿಗೆ ಮೇಲೆ ಒಣಹಾಕೋಕೆ ಹೋದಳು. ಮಹಡಿ ಮನೆಯಲ್ಲಿ ಬಾಡಿಗೆಗೆ ಇರುವ ಚಂದ್ರವ್ವ ಅಲ್ಲೇ ಬಟ್ಟೆ ಹರವುತ್ತಿದ್ದಳು. ಬಾಗಲಕೋಟೆ ಕಡೆಯವಳು, ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಊರ ಪಕ್ಕದ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಒಂದು ನೆತ್ತಿ ಮೇಲೇ ಗುಂಯ್ ಅಂತ ಹೋಯಿತು. ಹುಟ್ಟಿದಾರಭ್ಯ ನೋಡಿದ್ದರೂ ವಿಮಾನ ಬಂದರೆ ಕತ್ತು ಎತ್ತೋದು ಜಕ್ಕೂರಿನವರ ಚಾಳಿ. ಮುನಿಕೆಂಪಮ್ಮ ಎತ್ತಿದಳು. ವಿಮಾನ ನೆಟ್ಟಗೆ ಹೋಯಿತು, ಆಕಾಶ ತಿರುಗಿಕೊಂಡಿತು. ಒಣಹಾಕಿದ ಅಕ್ಕಿ ಮೇಲೇ ಕುಕ್ಕರಿಸಿದಳು.

"ಯವ್ವಾ! ಏನಾತ್ರೀ ಅಮ್ಮಾರ?" ಚಂದ್ರವ್ವ ಬಟ್ಟೆ ಬಿಟ್ಟು ಓಡಿ ಬಂದಳು. "ಪಿತ್ತ ಏರೇತಿ ನೋಡ್ರಿ ನಿಮಗ. ನಿಂಬಿಹಣ್ಣು ತರ್ತೀನಿ, ಮೂಸ್ರಿ."

ನಿಂಬೆಹಣ್ಣು ಮೂಸಿದ್ದಾಯಿತು. ತಿರುಗೋದು ನಿಂತಿತು. ನಿಂಬೆಹಣ್ಣಿನಿಂದ ನಿಂತಿತೋ ತಾನಾಗೇ ನಿಂತಿತೋ, ದೇವರಿಗೇ ಗೊತ್ತು.

"ಇಲ್ಲಾ ಬಿಪಿ ಇರಬೇಕ್ರಿ," ಅಂದಳು ಚಂದ್ರವ್ವ, ಅಕ್ಕಿ ಮತ್ತೆ ಹರವುತ್ತ. "ನಮ್ಮ ಅತ್ತಿಗೂ ಹಿಂಗ ತಲಿ ತಿರುಗ್ತಿತ್ತು. ಬಿಪಿ ಅಂತ ಗುಳಿಗಿ ಕೊಟ್ರು, ಈಗ ಆರಾಮ ಅದಾರ. ನೀವೂ ಒಮ್ಮೆ ತೋರಿಸ್ಕೊಂಡು ಬರ್ರಿ."

ಮುನಿಕೆಂಪಮ್ಮನ ಕಿವಿಗೆ ಗುಳಿಗೆ ಅನ್ನೋದು ಬಿತ್ತು, ತೋರಿಸ್ಕೊಂಡು ಬರ್ರಿ ಅನ್ನೋದು ಬೀಳಲಿಲ್ಲ. ಡಾಕ್ಟರ ಹತ್ತಿರ ಹೋದರೆ ಊರಿಗೇ ಗೊತ್ತಾಗುತ್ತೆ. ಬಿಪಿ ಮಾತ್ರೆ ಮನೆಯಲ್ಲೇ ಇದೆಯಲ್ಲ, ವೆಂಕಟಸ್ವಾಮಿದು, ಫ್ರಿಜ್ ಮೇಲಿನ ಡಬ್ಬಿಯಲ್ಲಿ. ಗಂಡ ಹೆಂಡತಿ ಒಂದೇ ತಟ್ಟೆಯಲ್ಲಿ ಉಂಡವರು, ಒಂದೇ ಮಾತ್ರೆ ನುಂಗಿದರೆ ಏನಾಯಿತು? ಮಾರನೇ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ನುಂಗಿದಳು. ಅದರ ಮಾರನೇ ಬೆಳಗ್ಗೆ ಇನ್ನೊಂದು.

ಆ ಎರಡನೇ ದಿನವೇ ಆಗಿದ್ದು.

ಮನೆಯ ಪಡಸಾಲೆಯಲ್ಲಿ ತಂಬಿಟ್ಟಿನ ಅಕ್ಕಿ ಹುರಿಯೋ ಕೆಲಸ. ಅತ್ತೆ ಸೊಣ್ಣಮ್ಮ ಗೋಡೆಗೆ ಒರಗಿ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು. ಎಂಬತ್ತು ದಾಟಿದ ಮುದುಕಿ, ಮಂಡಿ ಏಳಲ್ಲ, ನಾಲಿಗೆ ಮಾತ್ರ ಕೂರಲ್ಲ. "ಅಂಗಲ್ಲ ಕಣ್ರೇ, ಉರಿ ಸಣ್ಣ ಇರ್ಲಿ. ಸೀದೋದ್ರೆ ಅಮ್ಮ ಮೂಗು ಮುರೀತಾಳೆ." ಒಲೆ ಮುಂದೆ ಬಹಳ ಹೊತ್ತು ಕೂತಿದ್ದ ಮುನಿಕೆಂಪಮ್ಮ ಬೆಲ್ಲ ತರೋಣ ಅಂತ ದಡಕ್ಕನೆ ಎದ್ದಳು.

ಕಣ್ಣಿಗೆ ಕತ್ತಲೆ ಬಂತು. ಕಿವಿಯಲ್ಲಿ ಜೀರುಂಡೆ ಕೂಗಿತು. ಎರಡು ಸಲ ಆ ಕಡೆ ಈ ಕಡೆ ತೂಗಾಡಿ, ಕಂಬ ತಬ್ಬಿಕೊಂಡು ಹಾಗೇ ಜಾರಿ ಕೂತಳು.

"ಬಂದ್ಲು!" ಅಂತ ಕೂಗಿದಳು ಸೊಣ್ಣಮ್ಮ. "ನನ್ ತಾಯಿ ಬಂದ್ಲು ಕಣ್ರೇ! ಇಷ್ಟ್ ವರ್ಷ ಒಪ್ಪತ್ತಿದ್ದದ್ದು ಸಾರ್ಥಕ ಆಯ್ತು. ಕರ್ಪೂರ ತಗಂಬನ್ನಿ, ಬೇವಿನ್ ಸೊಪ್ಪು ತನ್ನಿ!"

ಹಬ್ಬದ ವಾರ, ತಂಬಿಟ್ಟಿನ ಅಕ್ಕಿ ಹುರಿಯೋ ಹೊತ್ತು, ಆರತಿ ಹೊರೋ ಹೆಂಗಸು ತೂಗಾಡಿದರೆ ಆ ಮನೆಯಲ್ಲಿ ಇನ್ನೇನು ಅಂದುಕೊಳ್ಳಬೇಕು? ಹೊರಗಿದ್ದ ವೆಂಕಟಸ್ವಾಮಿ ಓಡಿ ಬಂದು ಹೆಂಡತಿಯ ಮುಂದೆ ಅಡ್ಡಬಿದ್ದ. ಬಿದ್ದವನು ಸುಮ್ಮನೆ ಏಳಲಿಲ್ಲ. "ತಾಯೀ, ಕೆರೆ ಪಕ್ಕದ ಸೈಟಿನ ಖಾತೆ ಯಾವಾಗ ಆಯ್ತದೆ ಏಳ್ಬುಡು ತಾಯೀ!" ಅಂದ. ಯಾರೋ ಅರಿಶಿನದ ನೀರು ಮುಖಕ್ಕೆ ಎರಚಿದರು. ಯಾರೋ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅವಳ ಮುಖದ ಮುಂದೆ ಸುತ್ತಿಸಿದರು. ಬೆಂಕಿ ಸುತ್ತಿದ ಹಾಗೆ ಅವಳ ತಲೆಯೂ ಸುತ್ತಿತು.

ಇದು ಅಮ್ಮ ಅಲ್ಲ ಅಂತ ಮುನಿಕೆಂಪಮ್ಮನಿಗೆ ಗೊತ್ತು. ಬಾಯಿ ತೆಗೆದು ಹೇಳೋಣ ಅಂದರೆ ಮಾತಿನ ಬದಲು ವಾಂತಿ ಬಂತು. ಸ್ವಲ್ಪ ವೆಂಕಟಸ್ವಾಮಿಯ ಕೈ ಮೇಲೂ ಬಿತ್ತು.

"ಪರಸಾದ," ಅಂದಳು ಸೊಣ್ಣಮ್ಮ. "ಇನ್ಮ್ಯಾಕೆ ಇವಳ ತಲೆ ಮ್ಯಾಲೂ ಆರತಿ ಇಡಂಗಿಲ್ಲ. ಅಮ್ಮ ಬರೋ ಮೈ ಇದು."

ಆ ಮಾತು ಬೆಂಕಿಗಿಂತ ಜೋರಾಗಿ ತಾಗಿತು ಅವಳಿಗೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಓರಗಿತ್ತಿ ಮುನಿನಾರಾಯಣಮ್ಮ ಬಂದಳು. ಮೈದುನನ ಹೆಂಡತಿ. ಎರಡು ಮನೆಗೂ ಒಂದೇ ಗೋಡೆ, ಇಬ್ಬರ ನಡುವೆಯೂ ಒಂದು ಗೋಡೆ. ಪ್ರತಿ ವರ್ಷ ಹಬ್ಬದಲ್ಲಿ ತಮಟೆ ಜೋರಾದಾಗ ಅಮ್ಮ ಮೈಮೇಲೆ ಬರೋದು ಮುನಿನಾರಾಯಣಮ್ಮನಿಗೆ. ಅದಕ್ಕೇ ಅವಳ ತಲೆಗೆ ಆರತಿ ಕೊಟ್ಟಿರಲಿಲ್ಲ. ಮೊದಲ ಆರತಿ ಅಕ್ಕನಿಗೆ, ಅಮ್ಮ ತಂಗಿಗೆ ಅಂತ ಸೊಣ್ಣಮ್ಮ ಯಾವತ್ತೋ ಪಾಲು ಮಾಡಿಬಿಟ್ಟಿದ್ದಳು.

ಮುನಿನಾರಾಯಣಮ್ಮ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದಳು. ಆಮೇಲೆ ಬಂದು ಅಕ್ಕನ ಕೈ ಹಿಡಿದು ನೋಡಿದಳು.

"ಇದು ಅಮ್ಮ ಅಲ್ಲ," ಅಂದಳು.

"ನಿಂಗೇನೇ ಗೊತ್ತು?" ಅಂದಳು ಸೊಣ್ಣಮ್ಮ.

"ನನ್ ಮೈಮ್ಯಾಕೆ ಬರೋದು ಅತ್ತೆ. ನಂಗೊತ್ತಿಲ್ದೆ ಇನ್ಯಾರ್ಗೊತ್ತು? ಅಮ್ಮ ಬಂದ್ರೆ ಮೈ ಬೆಚ್ಚಗಾಯ್ತದೆ, ಕಾಲು ನೆಲಕ್ಕೆ ಕಚ್ಕತದೆ. ಅಕ್ಕನ ಕೈ ಮುಟ್ ನೋಡಿ, ಐಸ್ ಇದ್ದಂಗೈತೆ. ಅಮ್ಮ ಯಾವತ್ತಾನ ವಾಂತಿ ಮಾಡ್ಕಂಡವ್ಳಾ? ಮೊದ್ಲು ಆ ಕರ್ಪೂರ ಸುತ್ಸೋದ್ ನಿಲ್ಸಿ. ಸುತ್ತೋ ತಲೆಗೆ ಇನ್ನೂ ಸುತ್ತಿಸ್ತೀರಲ್ಲ, ಸರಿಯಾಗೈತೆ ನಿಮ್ ಭಕ್ತಿ!"

ಅಮ್ಮನ ವಿಷಯದಲ್ಲಿ ಅವಳ ಮಾತಿಗೆ ಎದುರಾಡೋರು ಆ ಮನೆಯಲ್ಲಿ ಇಲ್ಲ. ಮುನಿನಾರಾಯಣಮ್ಮ ಅಕ್ಕನನ್ನು ನೆಲದ ಮೇಲೆ ಮಲಗಿಸಿ, ಕಾಲ ಕೆಳಗೆ ಅಕ್ಕಿ ಮೂಟೆ ಇಟ್ಟಳು. "ಗುಂಪು ಬಿಡಿ, ಗಾಳಿ ಆಡ್ಲಿ. ಬಾವಾ, ನೀವ್ ಎದ್ದು ಕೈ ತೊಳ್ಕಂಡು ಆಟೋ ಕರ್ಕಂಬನ್ನಿ."

"ಗ್ಯಾಸು ಅಂದ್ನಲ್ಲ ನಾನು," ಅಂತ ಗೊಣಗುತ್ತ ವೆಂಕಟಸ್ವಾಮಿ ಹೋದ.

ಆಟೋದಲ್ಲಿ ಇಬ್ಬರೇ ಕೂತರು. ಉಬ್ಬು ಬಂದಾಗಲೆಲ್ಲ ಮುನಿನಾರಾಯಣಮ್ಮ ಅಕ್ಕನ ತಲೆಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿಯುತ್ತಿದ್ದಳು. ಮುನಿಕೆಂಪಮ್ಮನ ಹೊಟ್ಟೆಯಲ್ಲಿ ವಾಕರಿಕೆಯ ಜೊತೆ ಒಂದು ಅನುಮಾನವೂ ಇತ್ತು. ಕೊನೆಗೆ ಕೇಳಿಯೇಬಿಟ್ಟಳು.

"ಆರತಿ ನಿಂಗ್ ಬೇಕಾಗಿತ್ತಾ?"

"ಅಯ್ಯೋ ಅಕ್ಕ, ಈಗ ನಿಂಗೆ ವಾಂತಿ ಬತ್ತದಾ ಇಲ್ವಾ ಅದೇಳು. ಆಟೋದವನು ಆಗ್ಲಿಂದ ಕನ್ನಡೀಲಿ ನನ್ನೇ ನೋಡ್ತಾವ್ನೆ."

ಮೇನ್ ರೋಡಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಕೀರ್ತಿ ಇದ್ದರು. ಚಿಕ್ಕ ವಯಸ್ಸು, ಅವಸರ ಇಲ್ಲದ ಮಾತು. ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡಿದರು. ಬೆರಳು ಚುಚ್ಚಿ ಸಕ್ಕರೆ ನೋಡಿದರು. ನಗಿ ಅಂದರು, ಎರಡೂ ಕೈ ಮುಂದೆ ಚಾಚಿ ಅಂದರು, ಗೆರೆ ಮೇಲೆ ನಡೀರಿ ಅಂದರು. ಎದೆ ನೋವು ಇದೆಯಾ, ತಲೆನೋವು ಇದೆಯಾ, ಕಿವಿ ಮಂದ ಆಗಿದೆಯಾ ಅಂತ ಒಂದೊಂದಾಗಿ ಕೇಳಿದರು. ಒಪ್ಪತ್ತು, ನೀರು ಬಿಟ್ಟಿದ್ದು, ಒಲೆ, ಕರ್ಪೂರ ಎಲ್ಲ ಹೊರಗೆ ಬಂತು.

"ಏನಾದ್ರೂ ಮಾತ್ರೆ ತಗೋತೀರಾ?"

"ಇಲ್ಲ," ಅಂದಳು ಮುನಿನಾರಾಯಣಮ್ಮ, ಅಕ್ಕನ ಪರವಾಗಿ.

ಮುನಿಕೆಂಪಮ್ಮ ಸೆರಗಿನ ತುದಿ ಸುತ್ತಿದಳು. "ಎಲ್ಡು ದಿವ್ಸದಿಂದ ನಮ್ಮ ಯಜಮಾನ್ರ ಬಿಪಿ ಮಾತ್ರೆ ತಗಂತಾ ಇದ್ದೆ."

"ಅಕ್ಕಾ!"

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಜಮಾನ್ರ ಚಪ್ಪಲಿ ಹಾಕ್ಕೊಂಡು ಬಸ್ಸಿಗೆ ಹೋಗ್ತೀರಾ ಅಮ್ಮ?"

"ಇಲ್ಲ. ಅವರದ್ದು ದೊಡ್ಡ ಸೈಜು."

"ಮಾತ್ರೆಗೂ ಸೈಜು ಇರುತ್ತೆ. ನಿಮ್ಮ ಬಿಪಿ ಸರಿಯಾಗೇ ಇತ್ತು ಅನ್ಸುತ್ತೆ, ಅದನ್ನ ನೀವು ಮಾತ್ರೆ ಹಾಕಿ ಇಳಿಸಿದ್ರಿ. ಊಟ ಒಂದೇ ಹೊತ್ತು, ನೀರಿಲ್ಲ, ಒಲೆ ಮುಂದೆ ಕೂತು ದಿಢೀರ್ ಅಂತ ಎದ್ರಿ. ರಕ್ತ ತಲೆಗೆ ಏರೋಕೆ ತಡ ಆಯ್ತು. ಇವತ್ತು ಬಿದ್ದಿದ್ದು ಅದಕ್ಕೆ. ಸರಿ, ಮಾತ್ರೆ ನುಂಗೋ ಮುಂಚೆ ಆಗಿದ್ದು ಹೇಗಿತ್ತು?"

ಮುನಿಕೆಂಪಮ್ಮ ಹಾಸಿಗೆಯದ್ದು ಹೇಳಿದಳು, ವಿಮಾನದ್ದು ಹೇಳಿದಳು, ಮೂಸಿದ ನಿಂಬೆಹಣ್ಣಿನದ್ದೂ ಹೇಳಿದಳು. ಡಾಕ್ಟರು ಅವಳನ್ನು ಮಂಚದ ಮೇಲೆ ಕೂರಿಸಿ, ತಲೆ ಎಡಕ್ಕೆ ತಿರುಗಿಸಿ, ಸರ್ರನೆ ಹಿಂದಕ್ಕೆ ಮಲಗಿಸಿದರು. ತಾರಸಿ ಮತ್ತೆ ತಿರುಗಿತು. "ಅಮ್ಮಾ ತಾಯೀ!" ಅಂತ ಡಾಕ್ಟರ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಕಣ್ಣು ಬಿಟ್ಕೊಂಡಿರಿ. ನಾನು ಹಿಡ್ಕೊಂಡಿದೀನಿ, ಎಲ್ಲೂ ಬೀಳಲ್ಲ." ಡಾಕ್ಟರು ಅವಳ ಕಣ್ಣನ್ನೇ ನೋಡಿದರು. "ಸಿಕ್ತು. ಇದು ಕಿವಿದು."

"ಕಿವೀದಾ? ತಿರುಗೋದು ತಲೆಯಲ್ವಾ?" ಅಂದಳು ಮುನಿನಾರಾಯಣಮ್ಮ.

"ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ರಸಮಟ್ಟ ಇಟ್ಟು ನೋಡ್ತಾರಲ್ಲ, ಅಂಥದ್ದೊಂದು ಒಳಗಿವೀಲಿ ಇದೆ. ಅಲ್ಲಿ ಪುಡಿ ಉಪ್ಪಿಗಿಂತ ಸಣ್ಣ ಹರಳುಗಳು ಇರ್ತವೆ. ವಯಸ್ಸಾದಂಗೆ ಒಂದೆರಡು ಜಾಗ ತಪ್ಪಿ ಬೇರೆ ಕಡೆ ಉರುಳಿಬಿಡ್ತವೆ. ನೀವು ಹೊರಳಿದ್ರೆ, ಕತ್ತು ಎತ್ತಿದ್ರೆ ಅವೂ ಉರುಳ್ತವೆ. ಮನೆ ತಿರುಗ್ತಿದೆ ಅಂತ ಕಿವಿ ಸುಳ್ಳು ವರದಿ ಕೊಡುತ್ತೆ, ಹೊಟ್ಟೆ ಅದನ್ನ ನಂಬುತ್ತೆ."

ಮಾತಾಡುತ್ತಲೇ ಡಾಕ್ಟರು ಅವಳ ತಲೆಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದರು, ಸ್ವಲ್ಪ ತಡೆದರು. ಮೈಯನ್ನೂ ಬಲಮಗ್ಗುಲಿಗೆ ಹೊರಳಿಸಿ ಮುಖ ನೆಲದ ಕಡೆ ಮಾಡಿಸಿ, ಮತ್ತೆ ತಡೆದರು. ಆಮೇಲೆ ಮೆಲ್ಲಗೆ ಎಬ್ಬಿಸಿ ಕೂರಿಸಿದರು. ಇನ್ನೊಂದು ಸಲ ಅದೇ ಆಟ. ಎರಡನೇ ಸಲ ತಾರಸಿ ಒಂಚೂರು ವಾಲಿ, ಹಾಗೇ ನಿಂತಿತು. ಮುನಿಕೆಂಪಮ್ಮ ಕಣ್ಣು ಪಿಳಿಪಿಳಿ ಮಾಡಿ ತಾರಸಿಯನ್ನು ನೋಡಿದಳು. ಇದ್ದಲ್ಲೇ ಇತ್ತು.

"ಮತ್ತೆ ಬರಬಹುದು. ಬಂದ್ರೆ ಹೆದರಬೇಡಿ, ಇದ್ದಲ್ಲೇ ಕೂತ್ಕೊಳ್ಳಿ, ಇಲ್ಲಾ ಮಲಗಿ. ವಾಂತಿ ಆದ್ರೆ ಗುಟುಕು ಗುಟುಕಾಗಿ ನೀರು ಕುಡೀರಿ. ಬೆಳಗ್ಗೆ ಎದ್ದ ತಕ್ಷಣ ನಿಲ್ಲಬೇಡಿ, ಮಂಚದ ಮೇಲೆ ಸ್ವಲ್ಪ ಕೂತು ಏಳಿ. ಆಮೇಲೆ ಇಲ್ಲಿಗೆ ಬನ್ನಿ. ಆದ್ರೆ ಮಾತು ತೊದಲಿದ್ರೆ, ಬಾಯಿ ಒಂದು ಕಡೆ ಸೊಟ್ಟ ಆದ್ರೆ, ಕೈಕಾಲು ಸೋತ್ರೆ, ಒಂದು ಎರಡಾಗಿ ಕಂಡ್ರೆ, ಎದೆ ಹಿಡ್ಕೊಂಡ್ರೆ, ಯಾವತ್ತೂ ಬರದಂಥ ತಲೆನೋವು ಬಂದ್ರೆ, ನನ್ನ ಹತ್ರ ಬರಬೇಡಿ."

"ಮತ್ತೆಲ್ಲಿಗ್ ಓಗ್ಬೇಕು?"

"ಆಂಬುಲೆನ್ಸ್ ಕರೆಸಿ ನೇರ ದೊಡ್ಡಾಸ್ಪತ್ರೆಗೆ. ನಿಂಬೆಹಣ್ಣು ಮೂಸ್ಕೊಂಡು, ಕರ್ಪೂರ ಹಚ್ಕೊಂಡು ಹೊತ್ತು ಕಳೀಬೇಡಿ." ಡಾಕ್ಟರು ನಕ್ಕರು. ಅರಿಶಿನದ ನೀರು ಇನ್ನೂ ಮುನಿಕೆಂಪಮ್ಮನ ಕೆನ್ನೆ ಮೇಲೆ ಒಣಗಿ ಹಾಗೇ ಇತ್ತು.

"ಮಂಗಳವಾರ ತಲೆ ಮೇಲೆ ಆರತಿ ಹೊರಬೇಕು," ಅಂದಳು ಮುನಿಕೆಂಪಮ್ಮ ಸಣ್ಣ ದನಿಯಲ್ಲಿ.

"ಈ ಹದಿನೈದು ದಿನ ಬೇಡ ಅಮ್ಮ. ಅದರಲ್ಲೂ ದೀಪ ಹಚ್ಚಿದ್ದು ಖಂಡಿತ ಬೇಡ. ಹೊಟ್ಟೆ ತುಂಬ ಊಟ ಮಾಡಿ."

ವಾಪಸ್ ಬರುವಾಗ ಆಟೋ ಸಿಗಲಿಲ್ಲ. ಎಳನೀರು ಕುಡಿದು, ನೆರಳಲ್ಲಿ ಮೆಲ್ಲಗೆ ನಡೆದರು. ಮುನಿಕೆಂಪಮ್ಮನಿಗೆ ಮೈ ಹಗುರವಾಗಿತ್ತು. ಹಗುರವಾದ ಹಾಗೆ ಆಸೆಯೂ ಮತ್ತೆ ಎದ್ದಿತು.

"ನೋಡು, ಈಗ ಸರಿಯೋಯ್ತು," ಅಂದಳು. "ಡಾಕ್ಟರು ಏಳಿದ್ದು ನಿಂಗೂ ನಂಗೂ ಬಿಟ್ರೆ ಯಾರ್ಗೊತ್ತು? ಬಿಸಿಲಿಗೆ ಆಗಿತ್ತು ಅನ್ನಾನ. ಇದೊಂದು ವರ್ಷ ಒತ್ಕಂಡ್ಬುಡ್ತೀನಿ. ನೀನು ಸುಮ್ಕಿದ್ಬುಡು."

ಮುನಿನಾರಾಯಣಮ್ಮ ಅಕ್ಕನನ್ನು ಬಿಸಿಲಿಂದ ನೆರಳಿಗೆ ಎಳೆದುಕೊಂಡಳು.

"ಸುಮ್ಕಿರ್ತೀನಿ," ಅಂದಳು. "ಅತ್ತೆಗೂ ಏಳಲ್ಲ. ನಿನ್ ಇಂದೇನೇ ನಡೀತೀನಿ. ಆದ್ರೆ ಒಂದ್ ಈಗ್ಲೇ ಏಳ್ಬುಡಕ್ಕ. ನೀನು ವಾಲಿದ್ರೆ ನಾನು ಆರತಿ ಇಡ್ಕಬೇಕಾ, ನಿನ್ನ ಇಡ್ಕಬೇಕಾ? ನಂಗಿರೋದು ಎಲ್ಡೇ ಕೈ."

ಮುನಿಕೆಂಪಮ್ಮ ಮನೆಗೆ ಬಂದು ಮೊಸರನ್ನ ಕಲಸಿ ಎರಡು ಸಲ ಬಡಿಸಿಕೊಂಡು ಉಂಡಳು. ಒಪ್ಪತ್ತು ಮುರಿದಳಲ್ಲಾ ಅಂತ ಸೊಣ್ಣಮ್ಮ ಕಣ್ಣು ಬಿಟ್ಟುಕೊಂಡು ನೋಡಿದಳು. ಓರಗಿತ್ತಿಯ ಆ ಪ್ರಶ್ನೆ ಮೂರು ದಿನ ಮುನಿಕೆಂಪಮ್ಮನ ಜೊತೆ ಪಾತ್ರೆ ತೊಳೆಯಿತು, ಹೂ ಕಟ್ಟಿತು, ಬೆಲ್ಲದ ಪಾಕ ತಿರುವಿತು. ವಾಲಿದರೆ ಓರಗಿತ್ತಿ ಯಾವುದನ್ನು ಹಿಡಿಯುತ್ತಾಳೆ ಅಂತ ಅವಳಿಗೆ ಗೊತ್ತಿತ್ತು. ತನ್ನನ್ನೇ. ಆರತಿ ನೆಲಕ್ಕೆ ಬೀಳುತ್ತೆ. ಊರು ಕಟ್ಟಿದ ಕಾಲದಿಂದ ನೆಲ ಕಾಣದ ಆರತಿ.

ಮಂಗಳವಾರ ಇಳಿಹೊತ್ತು. ಬೀದಿಯಲ್ಲಿ ತಮಟೆಯವರು ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಆರತಿ ಸಿದ್ಧವಾಗಿತ್ತು. ಮುನಿಕೆಂಪಮ್ಮ ಹಳೇ ರೇಷ್ಮೆ ಸೀರೆಯ ತುಂಡು ಸುತ್ತಿ ಸಿಂಬೆ ಮಾಡಿ, ತನ್ನ ತಲೆ ಮೇಲೆ ಇಟ್ಟು ಒಂದು ಸಲ ನೋಡಿಕೊಂಡಳು. ತಾರಸಿ ನೋಡಿದಳು, ಬಾಗಿಲು ನೋಡಿದಳು. ಏನೂ ತಿರುಗಲಿಲ್ಲ. ಎಲ್ಲ ನೆಟ್ಟಗಿತ್ತು. ಆದರೂ ಸಿಂಬೆ ತೆಗೆದು ಮುನಿನಾರಾಯಣಮ್ಮನ ತಲೆ ಮೇಲಿಟ್ಟಳು.

ಸೊಣ್ಣಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು.

"ಏನೇ ಇದು?" ಅಂದಳು ಸೊಣ್ಣಮ್ಮ.

"ನಂಗೆ ಕಿವಿ ಸರಿ ಇಲ್ಲ ಅತ್ತೆ. ಒರಬಾರ್ದು ಅಂದವ್ರೆ ಡಾಕ್ಟರು. ಇವಳು ಒರ್ತಾಳೆ."

"ಕಿವಿಗೂ ಆರತಿಗೂ ಏನೇ? ಅದಿರ್ಲಿ, ಇವಳ ಮೈಮ್ಯಾಕೆ ಅಮ್ಮ ಬಂದ್ಬುಟ್ರೆ?"

ಮುನಿನಾರಾಯಣಮ್ಮನ ಮುಖ ಬಿಳಿಚಿಕೊಂಡಿತ್ತು. "ಊಂ ಅಕ್ಕ. ಬಂದ್ಬುಟ್ರೆ? ತಮಟೆ ಕೇಳಿದ್ರೆ ನಾನು ನನ್ ಕೈಲಿರಲ್ಲ."

"ಬಂದ್ರೆ ನಾನು ಪಕ್ಕದಲ್ಲೇ ಇರ್ತೀನಿ," ಅಂದಳು ಮುನಿಕೆಂಪಮ್ಮ. "ಆರತಿ ನಾನ್ ಕೈಯಲ್ಲಿ ಇಡ್ಕತೀನಿ. ನೀನು ಅಮ್ಮನ ಜೊತೆ ಎಲ್ಲಿಗ್ ಬೇಕಾದ್ರೂ ಓಗು."

ಸೊಣ್ಣಮ್ಮ ಇಬ್ಬರನ್ನೂ ನೋಡಿದಳು. ಏನು ಕಂಡಿತೋ ಏನೋ, "ಎಣ್ಣೆ ಬತ್ತಿ ಸರಿಯಾಗೈತಾ ನೋಡ್ಕಳಿ," ಅಂತ ಮಾತು ಮುಗಿಸಿದಳು. ತುಪ್ಪದ ಬತ್ತಿಗೆ ಎಣ್ಣೆ ಅಂದಿದ್ದನ್ನು ಯಾರೂ ತಿದ್ದಲಿಲ್ಲ.

ಸಾಲು ಹೊರಟಿತು. ಮುಂದೆ ಮುನಿನಾರಾಯಣಮ್ಮ, ಅವಳ ಮೊಣಕೈ ಹಿಡಿದು ಪಕ್ಕದಲ್ಲಿ ಮುನಿಕೆಂಪಮ್ಮ. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಫೋನುಗಳು ಮೇಲೆದ್ದವು. ಈ ಸಲ ಆ ಫೋನುಗಳೆಲ್ಲ ಓರಗಿತ್ತಿಯನ್ನು ನೋಡುತ್ತಿವೆ ಅಂತ ಮುನಿಕೆಂಪಮ್ಮನಿಗೆ ಗೊತ್ತಾಯಿತು. ಒಂದು ನಾಲ್ಕು ಹೆಜ್ಜೆ ಎದೆ ಚುರುಗುಟ್ಟಿತು. ಆಮೇಲೆ ಮಾರಿ ಕಲ್ಲಿನ ತಿರುವು ಬಂತು, ಅಲ್ಲಿ ರೋಡು ಅಗೆದು ಹಾಗೇ ಬಿಟ್ಟಿದ್ದರು, ಚುರುಗುಟ್ಟೋಕೆ ಪುರುಸೊತ್ತು ಸಿಗಲಿಲ್ಲ. "ಎಡಕ್ಕೆ ಬಾ... ಕಲ್ಲೈತೆ... ಊಂ, ಈಗ ಕಾಲಿಡು." ಗುಡಿ ಹತ್ತಿರ ತಮಟೆ ಏರಿತು. ಪ್ರತಿ ವರ್ಷ ಅಮ್ಮ ಬರುವ ಜಾಗ ಅದೇ. ಮುನಿಕೆಂಪಮ್ಮ ಒಂದು ಕೈ ಮೇಲಕ್ಕೆ ಎತ್ತಿ ತಟ್ಟೆಯ ಹತ್ತಿರವೇ ಇಟ್ಟುಕೊಂಡಳು. ಓರಗಿತ್ತಿಯ ಮೊಣಕೈ ನಡುಗಿತು. ಹಿಡಿತ ಬಿಗಿ ಮಾಡಿದಳು. ನಡುಕ ನಿಂತಿತು.

ಆರತಿ ಗುಡಿ ಮುಂದೆ ಇಳಿಯಿತು. ದೀಪ ಉರಿಯುತ್ತಲೇ ಇತ್ತು.

ಪೂಜೆ ಮುಗಿದ ಮೇಲೆ ಇಬ್ಬರೂ ಗುಡಿಯ ಕಟ್ಟೆ ಮೇಲೆ ಕೂತರು. ಮುನಿನಾರಾಯಣಮ್ಮ ಸಿಂಬೆಯಿಂದ ಬೆವರು ಒರೆಸಿಕೊಂಡಳು.

"ಈ ವರ್ಷ ಅಮ್ಮ ಬರ್ಲೇ ಇಲ್ಲ ಕಣಕ್ಕ."

"ಯಾಕಂತೆ?"

"ಎಲ್ ಬತ್ತಾಳೆ? ದಾರಿ ಉದ್ದಕ್ಕೂ ನನ್ ಗ್ಯಾನ ಎಲ್ಲಾ ನಿನ್ ಮ್ಯಾಲೇ ಇತ್ತು. ಎಲ್ಲಿ ಬಿದ್ಗಿದ್ ಓಯ್ತಾಳೋ ಅಂತ."

"ನನ್ ಗ್ಯಾನ ಆರತಿ ಮ್ಯಾಲಿತ್ತು," ಅಂದಳು ಮುನಿಕೆಂಪಮ್ಮ. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, "ಅರ್ಧ," ಅಂದಳು.

ತಂಬಿಟ್ಟು ಮುರಿದು ಓರಗಿತ್ತಿಗೆ ಒಂದು ಚೂರು ಕೊಟ್ಟು, ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಕತ್ತಲಾಗೋ ಮುಂಚೆ ಮನೆ ಸೇರಬೇಕು ಅನ್ನೋ ಹಾಗೆ ಪುಟ್ಟ ವಿಮಾನ ಒಂದು ನೆತ್ತಿ ಮೇಲೆ ಗುಂಯ್ ಅಂತ ಬಂತು. ಕಟ್ಟೆ ಮೇಲಿದ್ದವರೆಲ್ಲ ಕತ್ತು ಎತ್ತಿದರು. ಮುನಿಕೆಂಪಮ್ಮ ಎತ್ತಲಿಲ್ಲ. ತಂಬಿಟ್ಟು ಅಗಿಯುತ್ತ ಓರಗಿತ್ತಿಯ ಮುಖವನ್ನೇ ನೋಡಿದಳು.

"ಯಾವ್ ಕಡೆಗ್ ಓಯ್ತು?" ಅಂದಳು.

"ಯಲಹಂಕ ಕಡೆಗೆ," ಅಂದಳು ಮುನಿನಾರಾಯಣಮ್ಮ, ಕತ್ತು ಎತ್ತಿಕೊಂಡೇ. "ತಾಳು, ತಿರುಕ್ಕಂತಾ ಐತೆ. ಬಂದಾಗ ಏಳ್ತೀನಿ."